ಬಾರದ ಬಾಕಿ ಯಾರ ಪುಸ್ತಕದಲ್ಲಿದೆ?



ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಮಾತ್ರ ಕೆಲಸ ನಡೆಸುವ ಏರ್ಪಾಡಿಗೆ ದತ್ತಿ ಎನ್ನುತ್ತೇವೆ. ಅಸಲೇ ಮುಳುಗಿಹೋಗುವ ವಿಷಯವನ್ನು ಅಂಥದೊಂದು ದತ್ತಿಯ ಹೆಸರಿನಲ್ಲಿ ಮಾತನಾಡಬೇಕೆಂದು ಇಲ್ಲಿನ ವಿದ್ಯಾರ್ಥಿಗಳು ಕೇಳಿದರು, ಸಂತೋಷದಿಂದ ಒಪ್ಪಿದೆ. ಬಿ.ಕಾಂ. ಪಠ್ಯದಲ್ಲಿ ‘ಬ್ಯಾಡ್ ಡೆಟ್’ ಎಂಬುದಕ್ಕೆ ಸಿಗುವುದು ಅರ್ಧ ಪುಟ, ಒಂದು ಜರ್ನಲ್ ಎಂಟ್ರಿ. ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದ ಈ ಊರಿಗಾಂನಲ್ಲಿ ನಿಂತು ಹೇಳುವವನಿಗೆ ಅಷ್ಟು ಸಾಲದು.

ಪುಸ್ತಕದ ಅರ್ಥದಿಂದಲೇ ಹೊರಡೋಣ. ಕೊಟ್ಟ ಸಾಲ, ಇಲ್ಲವೆ ಸಾಲಕ್ಕೆ ಮಾರಿದ ಸರಕಿನ ಹಣ ಇನ್ನು ಬರುವುದಿಲ್ಲವೆಂದು ಕೊಟ್ಟವನು ತೀರ್ಮಾನಿಸಿ, ಅದನ್ನು ತನ್ನ ಆಸ್ತಿಯ ಪಟ್ಟಿಯಿಂದ ತೆಗೆದು ನಷ್ಟಕ್ಕೆ ಬರೆದುಕೊಂಡಾಗ ಅದು ಬ್ಯಾಡ್ ಡೆಟ್. ತೀರ್ಮಾನ ಕೊಟ್ಟವನದು. ತೆಗೆದುಕೊಂಡವನ ಒಪ್ಪಿಗೆ ಬೇಕಿಲ್ಲ, ಅವನಿಗೆ ತಿಳಿಸಬೇಕೆಂದೂ ಇಲ್ಲ. ಬರವಣಿಗೆ ಪೂರ್ತಿ ಕೊಟ್ಟವನ ಪುಸ್ತಕದಲ್ಲೇ ನಡೆಯುತ್ತದೆ. ಆದ್ದರಿಂದ ಪುಸ್ತಕ ಇಟ್ಟವನ ಸಾಲಕ್ಕೆ ಮಾತ್ರ ಈ ಹೆಸರು, ಈ ಹೆಸರಿನ ಜೊತೆ ಬರುವ ರಿಯಾಯಿತಿಗಳು. ನಾನು ಇವತ್ತು ಹೇಳಬೇಕೆಂದು ಬಂದಿರುವ ಮಾತು ಒಂದೇ: ಈ ಊರಿಗೆ ಬರಬೇಕಾಗಿದ್ದ ದೊಡ್ಡ ಬಾಕಿಗಳು ಪುಸ್ತಕವೇ ಇಲ್ಲದವರ ಬಾಕಿಗಳಾಗಿದ್ದವು.

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ದಿನಸಿ ಅಂಗಡಿ ಇದೆ ಎಂದುಕೊಳ್ಳಿ. ತಿಂಗಳ ವ್ಯಾಪಾರ 1,00,000 ರೂಪಾಯಿ, ಲಾಭ ನೂರಕ್ಕೆ ಹತ್ತು. ಒಂದು ಮನೆಯ 5,000 ರೂಪಾಯಿ ಬಾಕಿ ಬಾರದೆ ಹೋಯಿತು. ಅಂಗಡಿಯವನು ಆ 5,000ವನ್ನು ತುಂಬಿಕೊಳ್ಳಲು 50,000 ರೂಪಾಯಿಯ ಹೊಸ ವ್ಯಾಪಾರ ಮಾಡಬೇಕು, ಅಂದರೆ ಅರ್ಧ ತಿಂಗಳು ಬರೀ ಹಳ್ಳ ಮುಚ್ಚಲು ದುಡಿಯಬೇಕು. ಇದು ಪುಸ್ತಕ ಓದದ ವ್ಯಾಪಾರಿಗೂ ಗೊತ್ತು. ಆದ್ದರಿಂದಲೇ ಸಾಲಕ್ಕೆ ಕೊಡುವ ಅಂಗಡಿಯಲ್ಲಿ ಬೇಳೆಯ ಬೆಲೆ ನಗದು ಅಂಗಡಿಗಿಂತ ಒಂದೆರಡು ರೂಪಾಯಿ ಜಾಸ್ತಿ ಇರುತ್ತದೆ. ಸರಿಯಾಗಿ ಕೊಡುವ ಮನೆಯವರು ಕೊಡಲಾಗದ ಮನೆಯ ಬೇಳೆಗೂ ತಮಗೆ ತಿಳಿಯದಂತೆ ಹಣ ಕಟ್ಟುತ್ತಿರುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದರ ಹಳೆಯ ಲೆಕ್ಕವಿದೆ: ಧರ್ಮಬಡ್ಡಿ ತಿಂಗಳಿಗೆ ನೂರಕ್ಕೆ ಒಂದೂಕಾಲು ಪಣ, ವ್ಯಾಪಾರಕ್ಕೆ 5, ಕಾಡು ದಾಟಿ ಹೋಗುವವರಿಗೆ 10, ಸಮುದ್ರದ ಮೇಲೆ ಹೋಗುವವರಿಗೆ 20. ಹೋದ ಹಡಗು ತಿರುಗಿ ಬಾರದಿದ್ದರೆ ಎಂಬ ಭಯಕ್ಕೆ ಎರಡು ಸಾವಿರ ವರ್ಷದ ಹಿಂದೆಯೇ ದರ ಕಟ್ಟಿದ್ದರು.

ಬ್ಯಾಂಕಿನ ಪುಸ್ತಕ ಇನ್ನೂ ವಿವರವಾದದ್ದು, ಆದರೆ ಬಹಳ ಹಳೆಯದಲ್ಲ. 1991ರಲ್ಲಿ ನರಸಿಂಹಂ ಸಮಿತಿ ವರದಿ ಕೊಡುವವರೆಗೆ ನಮ್ಮ ಬ್ಯಾಂಕುಗಳಿಗೆ ಕೈಗೆ ಬಾರದ ಬಡ್ಡಿಯನ್ನೂ ಆದಾಯವೆಂದು ತೋರಿಸಿಕೊಳ್ಳಲು ಅವಕಾಶವಿತ್ತು. ಸಾಲ ಸತ್ತಿದ್ದರೂ ಪುಸ್ತಕದಲ್ಲಿ ಅದು ಬಡ್ಡಿ ಹೆರುತ್ತಲೇ ಇರುತ್ತಿತ್ತು. 1992–93ರಿಂದ ಆ ಕ್ರಮ ಬದಲಾಯಿತು. 2004ರ ಮಾರ್ಚ್‌ನಿಂದ 90 ದಿನದ ನಿಯಮ ಬಂತು: ಕಂತು ಅಥವಾ ಬಡ್ಡಿ 90 ದಿನ ದಾಟಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ, ಅನುತ್ಪಾದಕ. ಅಂದಿನಿಂದ ಅದರ ಬಡ್ಡಿಯನ್ನು ಆದಾಯಕ್ಕೆ ಸೇರಿಸುವಂತಿಲ್ಲ. ಅಡಮಾನವಿರುವ ಸಾಲವಾದರೆ ಮೊದಲ ವರ್ಷ ನೂರಕ್ಕೆ 15ರಷ್ಟು ಹಣವನ್ನು ಲಾಭದಿಂದ ತೆಗೆದಿಡಬೇಕು. ಆಮೇಲೂ ಬಾರದಿದ್ದರೆ ‘ಸಂಶಯಾಸ್ಪದ’ ಎಂಬ ವರ್ಗ, ತೆಗೆದಿಡಬೇಕಾದದ್ದು 25, ನಂತರ 40, ಕೊನೆಗೆ ಪೂರ್ತಿ 100. ಈಗ ತಾರೀಖು ಬಂದೊಡನೆ ಕಂಪ್ಯೂಟರೇ ಗುರುತು ಹಾಕುತ್ತದೆ, ಮ್ಯಾನೇಜರರ ದಾಕ್ಷಿಣ್ಯಕ್ಕೆ ಜಾಗವಿಲ್ಲ.

ದಾಕ್ಷಿಣ್ಯಕ್ಕೆ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಡೀ ದೇಶವೇ ಸಾಕ್ಷಿ. ಹಳೆ ಸಾಲದ ಕಂತು ಕಟ್ಟಲು ಹೊಸ ಸಾಲ ಕೊಟ್ಟು ಖಾತೆ ಚೆನ್ನಾಗಿದೆಯೆಂದು ತೋರಿಸುವ ಅಭ್ಯಾಸ ಬೆಳೆದಿತ್ತು. 2015ರಲ್ಲಿ ರಘುರಾಂ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಪುಸ್ತಕಗಳನ್ನು ಒಂದೊಂದಾಗಿ ತೆರೆಸಿ ನೋಡಿತು. ಮುಚ್ಚಿಟ್ಟದ್ದು ಹೊರಬಿದ್ದು, 2018ರ ಮಾರ್ಚ್ ಹೊತ್ತಿಗೆ ಒಟ್ಟು ಸಾಲದಲ್ಲಿ ಶೇ. 11ಕ್ಕೂ ಹೆಚ್ಚು ಎನ್‌ಪಿಎ ಎಂದಾಯಿತು. 2024ರ ಮಾರ್ಚ್‌ಗೆ ಅದು ಶೇ. 2.8ಕ್ಕೆ ಇಳಿಯಿತು. ಇಳಿದದ್ದೆಲ್ಲ ವಸೂಲಾದದ್ದಲ್ಲ, ಬಹಳಷ್ಟನ್ನು ರೈಟ್ ಆಫ್ ಮಾಡಲಾಯಿತು.

ರೈಟ್ ಆಫ್ ಎಂದ ಕೂಡಲೆ ಚಹಾದಂಗಡಿಯಲ್ಲಿ ‘ಮನ್ನಾ ಮಾಡಿಬಿಟ್ಟರಂತೆ’ ಎಂಬ ಮಾತು ಹೊರಡುತ್ತದೆ. ವಿದ್ಯಾರ್ಥಿಗಳು ಈ ಎರಡರ ನಡುವಿನ ಗೆರೆಯನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಬೇಕು. ಮನ್ನಾ ಆದರೆ ಸಾಲಗಾರ ಋಣಮುಕ್ತ. ರೈಟ್ ಆಫ್ ಆದರೆ ಬ್ಯಾಂಕು ತನ್ನ ಮುಖ್ಯ ಪುಸ್ತಕದಿಂದ ಆ ಮೊತ್ತವನ್ನು ತೆಗೆದು ಬೇರೊಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಸಾಲಗಾರನ ಮೇಲಿನ ಹಕ್ಕು, ಅಡಮಾನ, ಕೋರ್ಟಿನ ದಾವೆ ಎಲ್ಲವೂ ಹಾಗೇ ಇರುತ್ತವೆ. 2016ರ ನವೆಂಬರ್‌ನಲ್ಲಿ ಸ್ಟೇಟ್ ಬ್ಯಾಂಕು ಕಿಂಗ್‌ಫಿಷರ್ ಏರ್‌ಲೈನ್ಸ್ ಸೇರಿದಂತೆ ಹಲವರ ಬಾಕಿಯನ್ನು ಹೀಗೆ ಪಕ್ಕಕ್ಕಿಟ್ಟಾಗ ರಾಜ್ಯಸಭೆಯಲ್ಲಿ ಗದ್ದಲವಾಯಿತು. ಇದು ಮನ್ನಾ ಅಲ್ಲವೆಂದು ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ವಿವರಿಸಬೇಕಾಯಿತು. ಅವರು ಹೇಳಿದ್ದು ಲೆಕ್ಕಶಾಸ್ತ್ರದ ಪ್ರಕಾರ ಸರಿ. ಬೆಂಗಳೂರಿನ ಅದೇ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿ ತಿಂಗಳುಗಟ್ಟಲೆ ಸಂಬಳ ಸಿಗದೆ ಹೊರಬಿದ್ದವರೂ ಇದ್ದರು. ಬ್ಯಾಂಕು ತನಗೆ ಬರಬೇಕಾದದ್ದನ್ನು ಪಕ್ಕದ ಪಟ್ಟಿಗೆ ಸರಿಸಿತು. ಅವರಿಗೆ ಸರಿಸಲು ಪಟ್ಟಿ ಎಲ್ಲಿತ್ತು?

ತೆರಿಗೆಯ ವಿಷಯದಲ್ಲೂ ಪುಸ್ತಕ ಇಟ್ಟವನಿಗೆ ಅನುಕೂಲ. 1961ರ ಆದಾಯ ತೆರಿಗೆ ಕಾಯ್ದೆಯ 36ನೇ ಕಲಂ ವ್ಯಾಪಾರಿಗೆ ಬಾರದ ಬಾಕಿಯನ್ನು ಲಾಭದಿಂದ ಕಳೆಯಲು ಅವಕಾಶ ಕೊಟ್ಟಿತು. ಮೊದಲು, ಆ ಬಾಕಿ ನಿಜವಾಗಿಯೂ ಬರುವುದಿಲ್ಲವೆಂದು ಸಾಬೀತು ಮಾಡಬೇಕಿತ್ತು. 1989ರ ಏಪ್ರಿಲ್‌ನಿಂದ ಅದು ತಪ್ಪಿತು. ಟಿಆರ್‌ಎಫ್ ಲಿಮಿಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ, ಪುಸ್ತಕದಲ್ಲಿ ಹೊಡೆದುಹಾಕಿದರೆ ಸಾಕು ಎಂದಿತು. ಅದೇ ವರ್ಷ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಒಬ್ಬೊಬ್ಬ ಸಾಲಗಾರನ ಖಾತೆಯನ್ನೂ ಮುಚ್ಚಬೇಕಿಲ್ಲ, ಲಾಭನಷ್ಟದ ಪಟ್ಟಿಗೆ ಖರ್ಚು ಬರೆದು ಒಟ್ಟು ಸಾಲದ ಮೊತ್ತದಲ್ಲಿ ಅಷ್ಟನ್ನು ಇಳಿಸಿದರೆ ಸಾಕು ಎಂದು ತೀರ್ಪಾಯಿತು. ಮುಂದೆ ಆ ಹಣ ಬಂದರೆ, ಬಂದ ವರ್ಷದ ಆದಾಯಕ್ಕೆ ಸೇರಿಸಬೇಕು. ನ್ಯಾಯವಾದ ಏರ್ಪಾಡು. ಬಾರದ ಹಣದ ಮೇಲೆ ಯಾರೂ ತೆರಿಗೆ ಕಟ್ಟಬಾರದು.

ಕೈಸಾಲ ಕೊಟ್ಟವನಿಗೆ, ದಿನಸಿ ಕೊಟ್ಟವನಿಗೆ 3 ವರ್ಷದ ಗಡುವಿದೆ. ಅಷ್ಟರೊಳಗೆ ದಾವೆ ಹಾಕಬೇಕು, ಇಲ್ಲವೆ ಸಾಲಗಾರನಿಂದ ಬಾಕಿ ಒಪ್ಪಿಕೊಂಡ ಬರಹ ಪಡೆದಿರಬೇಕು. ಗಡುವು ದಾಟಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಸಾಲ ಸಾಯುವುದಿಲ್ಲ. ಈ ಮಾತನ್ನು ಸುಪ್ರೀಂ ಕೋರ್ಟು 1958ರಲ್ಲಿ ಬಾಂಬೆ ಡೈಯಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು, ಮತ್ತು ಅಲ್ಲಿ ಪ್ರಶ್ನೆಗೆ ಬಂದಿದ್ದದ್ದು ಬ್ಯಾಂಕಿನ ಸಾಲವಲ್ಲ, ಗಿರಣಿ ಕಾರ್ಮಿಕರು ತೆಗೆದುಕೊಳ್ಳದೆ ಉಳಿದ ಕೂಲಿ. ಅವಧಿ ಮೀರಿದೆಯೆಂದು ಮಾಲೀಕನ ಋಣ ತೀರಿಹೋಗುವುದಿಲ್ಲ ಎಂಬುದು ಅದರ ಸಾರ. ಇಲ್ಲಿ ಬಂದು ಕೂತಿರುವ ಗಣಿಯ ಹಿರಿಯರು ಈ ವರ್ಷವನ್ನು ನೆನಪಿಟ್ಟುಕೊಳ್ಳಲಿ ಎಂದೇ ಇಷ್ಟು ವಿವರವಾಗಿ ಹೇಳಿದೆ.

ಈಗ ನಮ್ಮ ಊರಿಗೆ ಬರುತ್ತೇನೆ.

ಕೆಜಿಎಫ್‌ನ ಚರಿತ್ರೆ ಶುರುವಾದದ್ದೇ ಮುಳುಗಿತೆಂದುಕೊಂಡ ಹಣದಿಂದ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಬಂಡವಾಳದ ಬಹುಪಾಲು ಕರಗಿ, ಷೇರಿನ ಬೆಲೆ ನೆಲ ಕಚ್ಚಿ, ಮುಚ್ಚಿಬಿಡೋಣವೆಂಬ ಮಾತು ಬಂತು. ಉಳಿದದ್ದನ್ನೂ ಹಾಕಿ ನೋಡೋಣವೆಂದು, ಗಣಿ ನಡೆಸುವ ಜಾನ್ ಟೇಲರ್ ಸಂಸ್ಥೆ ಷೇರುದಾರರನ್ನು ಒಪ್ಪಿಸಿತು. ಗಣಿಯ ಮೇಲ್ವಿಚಾರಕ ಕ್ಯಾಪ್ಟನ್ ಪ್ಲಮ್ಮರ್ ಅಗೆಸುತ್ತಾ ಹೋದಾಗ ಚಾಂಪಿಯನ್ ಎಂಬ ಚಿನ್ನದ ಎಳೆ ಸಿಕ್ಕಿತು. ಆಮೇಲೆ 120 ವರ್ಷದಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಈ ಕಥೆಯನ್ನು ಧೈರ್ಯದ ಕಥೆಯಾಗಿ ಹೇಳುವುದು ರೂಢಿ. ಲೆಕ್ಕದ ವಿದ್ಯಾರ್ಥಿ ಇದರಲ್ಲಿ ಬೇರೊಂದನ್ನು ನೋಡಬೇಕು. ಷೇರುದಾರನ ಹಣ ಸಾಲವಲ್ಲ. ಅದು ಹೋದರೆ ಕೇಳುವಂತಿಲ್ಲ, ಬಂದರೆ ಮಿತಿಯಿಲ್ಲ. ಹೋಗಬಹುದೆಂದು ತಿಳಿದೇ ಲಂಡನ್ನಿನವರು ಹಣ ಹಾಕಿದರು, ಆ ಅಪಾಯಕ್ಕೆ ತಕ್ಕ ಲಾಭಾಂಶವನ್ನೂ ದಶಕಗಟ್ಟಲೆ ಪಡೆದರು.

ಗಣಿಗೆ ಇಳಿಯುವವನ ಲೆಕ್ಕ ಬೇರೆ ಬಗೆಯದು. ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ ಗುತ್ತಿಗೆದಾರರು ಮುಂಗಡ ಕೊಟ್ಟು ಕೂಲಿಗಳನ್ನು ಕರೆತಂದರು. ಬರಗಾಲಕ್ಕೆ ಸಿಕ್ಕಿ, ಜಾತಿಯ ದಬ್ಬಾಳಿಕೆಯಿಂದ ಬೇಸತ್ತು ಬಂದ ದಲಿತ ಕುಟುಂಬಗಳೇ ಹೆಚ್ಚು. ಮುಂಗಡವೆಂದರೆ ಸಾಲ, ಮೈಯಿಂದ ತೀರಿಸಬೇಕಾದ ಸಾಲ. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನಿಗೆ ಬ್ರಿಟಿಷ್ ಇಂಡಿಯಾದಲ್ಲಿ 1859ರ 13ನೇ ಕಾಯ್ದೆ ಕಾದಿತ್ತು. ಮ್ಯಾಜಿಸ್ಟ್ರೇಟರು ಹೇಳಿದ ಮೇಲೂ ಹಣ ಹಿಂದಿರುಗಿಸದೆ, ಕೆಲಸಕ್ಕೂ ಹೋಗದೆ ಇದ್ದರೆ 3 ತಿಂಗಳವರೆಗೆ ಕಠಿಣ ಸಜೆ. ಆ ಕಾಯ್ದೆ ರದ್ದಾಗಲು 1925 ಬರಬೇಕಾಯಿತು. ಕಂಪನಿಯೊಂದು ಸಾಲ ತೀರಿಸಲಾಗದೆ ಬಿದ್ದರೆ ಲಿಕ್ವಿಡೇಟರ್ ಬರುತ್ತಾನೆ, ಕೂಲಿಯವನು ಮುಂಗಡ ತೀರಿಸಲಾಗದಿದ್ದರೆ ಪೊಲೀಸಿನವನು ಬರುತ್ತಿದ್ದ. ಇಬ್ಬರದೂ ಬಾರದ ಬಾಕಿಯೇ.

ಒಳ್ಳೆಯ ಸಾಲ ಹೇಗಿರುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯುಂಟು. ದಿವಾನ್ ಶೇಷಾದ್ರಿ ಅಯ್ಯರ್ ಶಿವನಸಮುದ್ರದ ವಿದ್ಯುತ್ ಯೋಜನೆಗೆ ಸಂಸ್ಥಾನದ ಹಣ ಹಾಕುವ ಮೊದಲು, ಗಣಿ ಕಂಪನಿಗಳು ಇಷ್ಟು ವಿದ್ಯುತ್ತನ್ನು ಇಂಥ ದರಕ್ಕೆ ಕೊಳ್ಳುತ್ತವೆಂಬ ಕರಾರು ಕೈಯಲ್ಲಿತ್ತು. 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದಿಂದ ತಂತಿಯ ಮೇಲೆ ವಿದ್ಯುತ್ ಬಂತು, ಹಾಕಿದ ಹಣವೂ ತಿರುಗಿ ಬಂತು. ಕೊಡುವವನಿಗೆ ಪಡೆಯುವವನ ದುಡಿಮೆ ಯಾವುದು, ಎಷ್ಟು ಕಾಲ ಇರುತ್ತದೆ ಎಂಬುದು ಗೊತ್ತಿತ್ತು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು 1956ರ ನಂತರದ ಕಾಲದ ಮೇಲೆ. ಆ ವರ್ಷ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರ ಡಿಸೆಂಬರ್‌ನಲ್ಲಿ ಅವು ಕೇಂದ್ರ ಹಣಕಾಸು ಸಚಿವಾಲಯಕ್ಕೆ ಹೋದವು. 1972ರ ಏಪ್ರಿಲ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಚಿನ್ನವನ್ನು ಹೊರಗೆ ಮಾರುವಂತಿರಲಿಲ್ಲ, ಸರ್ಕಾರಕ್ಕೇ ಕೊಡಬೇಕಿತ್ತು. 1972ಕ್ಕೆ ಮುಂಚಿನ ವರ್ಷಗಳಲ್ಲಿ ಬೆಲೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಧಿಕೃತ ದರ, ಔನ್ಸಿಗೆ 35 ಡಾಲರ್. ಲೆಕ್ಕ ಹಾಕಿ ನೋಡಿ: ಔನ್ಸಿಗೆ 31.1 ಗ್ರಾಂ, ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದಾಗ 10 ಗ್ರಾಂಗೆ ಸಿಗುವುದು 53 ರೂಪಾಯಿ ಚಿಲ್ಲರೆ. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿ ಡಾಲರಿಗೆ ಏಳೂವರೆ ರೂಪಾಯಿ ಆದ ಮೇಲೆ 84 ರೂಪಾಯಿ ಚಿಲ್ಲರೆ. ನಮ್ಮ ಪೇಟೆಯಲ್ಲಿ ಚಿನ್ನದ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಗಣಿ ಆಳಕ್ಕೆ, ಮೂರು ಕಿಲೋಮೀಟರಿನ ಆಚೆಗೆ ಇಳಿಯುತ್ತಿತ್ತು, ಅದಿರಿನಲ್ಲಿ ಚಿನ್ನದ ಪಾಲು ಕಡಿಮೆಯಾಗುತ್ತಿತ್ತು, ಖರ್ಚು ಏರುತ್ತಿತ್ತು. ಇವೆಲ್ಲ ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ವರ್ಷಗಳ ನಷ್ಟದಲ್ಲಿ ಎಷ್ಟು ಭಾಗ ಬಂಡೆಯದು, ಎಷ್ಟು ಭಾಗ ದರದ್ದು ಎಂದು ಬೇರೆ ಮಾಡದೆ ‘ನಷ್ಟದ ಗಣಿ’ ಎಂದು ಕರೆಯುವುದು ಲೆಕ್ಕವಲ್ಲ. ಪೇಟೆಯ ದರಕ್ಕೂ ಕೊಟ್ಟ ದರಕ್ಕೂ ಇದ್ದ ಅಂತರವನ್ನು ಗಣಿ ಸರ್ಕಾರಕ್ಕೆ ಕೊಟ್ಟ ಸಾಲವೆಂದು ಬರೆದಿದ್ದರೆ ಪುಸ್ತಕದ ಮುಖವೇ ಬೇರೆಯಾಗಿರುತ್ತಿತ್ತು. ಹಾಗೆ ಯಾರೂ ಬರೆಯಲಿಲ್ಲ. ಕಾರ್ಮಿಕ ಸಂಘಗಳ ಹಿರಿಯರು ಈ ಮಾತನ್ನು ಎತ್ತುತ್ತಲೇ ಬಂದರು. ಅವರ ವಾದ ಭಾವನೆಯದಲ್ಲ, ಪಕ್ಕಾ ಲೆಕ್ಕದ್ದು ಎಂದು ನಾನು ನಂಬುತ್ತೇನೆ.

ರೋಗಗ್ರಸ್ತ ಕೈಗಾರಿಕೆಗಳಿಗೆಂದು 1985ರ ಕಾಯ್ದೆ ಬಂತು. ಕೂಡಿಬಂದ ನಷ್ಟವು ಕಂಪನಿಯ ಸ್ವಂತ ಬಂಡವಾಳ ಮತ್ತು ಮೀಸಲು ನಿಧಿಯನ್ನು ಪೂರ್ತಿ ನುಂಗಿದರೆ ಆ ಕಂಪನಿ ‘ಸಿಕ್’. ಅದನ್ನು ಬಿಐಎಫ್‌ಆರ್ ಎಂಬ ಮಂಡಳಿ ನೋಡಬೇಕಿತ್ತು. ಸರ್ಕಾರಿ ಕಂಪನಿಗಳನ್ನು ಈ ಕಾಯ್ದೆಯೊಳಗೆ ತಂದದ್ದು 1991ರ ಕೊನೆಯಲ್ಲಿ. ಮರುವರ್ಷವೇ ಭಾರತ್ ಗೋಲ್ಡ್ ಮೈನ್ಸ್ ಆ ಮಂಡಳಿಯ ಮುಂದೆ ನಿಂತಿತು. 2000ದ ಜೂನ್‌ನಲ್ಲಿ ಮುಚ್ಚುವುದೇ ಸರಿ ಎಂದು ಮಂಡಳಿ ಅಭಿಪ್ರಾಯ ಕೊಟ್ಟಿತು. 2001ರ ಮಾರ್ಚ್ 1ರಿಂದ ಗಣಿ ಇಲ್ಲ. ನಡುವಿನ ಆ ಎಂಟು ವರ್ಷ ಗಣಿ ಬದುಕಿದೆಯೋ ಸತ್ತಿದೆಯೋ ಎಂದು ಯಾರೂ ಹೇಳಲಿಲ್ಲ. ಕಾಯ್ದೆಯ 22ನೇ ಕಲಂ ಪ್ರಕಾರ ಆ ಅವಧಿಯಲ್ಲಿ ಮಂಡಳಿಯ ಅನುಮತಿಯಿಲ್ಲದೆ ಕಂಪನಿಯ ಮೇಲೆ ಹಣ ವಸೂಲಿಯ ದಾವೆ ಹೂಡುವಂತಿರಲಿಲ್ಲ. ಮುಂದೆ ಬ್ಯಾಂಕಿಗೆ 90 ದಿನದಲ್ಲಿ ಸತ್ಯ ಹೇಳಬೇಕೆಂದು ಕಟ್ಟಪ್ಪಣೆ ಮಾಡಿದ ದೇಶ, ಒಂದು ಊರಿಗೆ ಸತ್ಯ ಹೇಳಲು ಎಂಟು ವರ್ಷ ತೆಗೆದುಕೊಂಡಿತು. ಆ ವರ್ಷಗಳಲ್ಲಿ ಮಗಳ ಮದುವೆಗೆ ಸಾಲ ಮಾಡಿದವರು, ಮನೆ ಮುಂದೆ ಒಂದು ಕೋಣೆ ಎತ್ತಿದವರು, ಶ್ಯೂರಿಟಿಗೆ ಸಹಿ ಹಾಕಿದವರು ಎಲ್ಲರೂ ಸಂಬಳ ಮುಂದೆಯೂ ಬರುತ್ತದೆಂದು ನಂಬಿ ಮಾಡಿದರು. ತಡವಾಗಿ ಹೇಳಿದ ನಷ್ಟ ಹೇಳಿದವನಿಗಿಂತ ಕೇಳಿದವನ ಮೇಲೆ ಹೆಚ್ಚು ಬೀಳುತ್ತದೆ.

ಸಂಬಳದ ಮನುಷ್ಯನನ್ನು ನಾವು ಸಾಲಗಾರನಾಗಿ ಮಾತ್ರ ನೋಡಿ ಅಭ್ಯಾಸವಾಗಿದೆ. ಅವನು ಮೊದಲು ಸಾಲ ಕೊಟ್ಟವನು. ತಿಂಗಳು ಪೂರ್ತಿ ಕೆಲಸ ಮಾಡಿ ಕೊನೆಗೆ ಹಣ ಪಡೆಯುವವನು ಪ್ರತಿ ತಿಂಗಳೂ ಮಾಲೀಕನಿಗೆ ದುಡಿಮೆಯನ್ನು ಸಾಲ ಕೊಡುತ್ತಿರುತ್ತಾನೆ. ಗ್ರಾಚ್ಯುಟಿ ಇನ್ನೂ ದೀರ್ಘಾವಧಿಯ ಸಾಲ. 1972ರ ಕಾಯ್ದೆಯಂತೆ ವರ್ಷಕ್ಕೆ 15 ದಿನದ ಕೂಲಿ, ತಿಂಗಳಿಗೆ 26 ದಿನದ ಲೆಕ್ಕ. 30 ವರ್ಷ ಕೆಳಗಿಳಿದವನಿಗೆ, ಕಾಯ್ದೆಯ ಮಿತಿಯೊಳಗೆ, ಸುಮಾರು 17 ತಿಂಗಳ ಸಂಬಳ ಬರಬೇಕಿತ್ತು. ಇದಕ್ಕೆ ಅಡಮಾನವಿಲ್ಲ, ಜಾಮೀನಿಲ್ಲ, 30 ವರ್ಷಕ್ಕೆ ಬಡ್ಡಿಯೂ ಇಲ್ಲ. ಬಂಡೆ ಸಿಡಿದು ಹೋದ ಕಾಲು, ಸಿಲಿಕೋಸಿಸ್ ತಿಂದ ಶ್ವಾಸಕೋಶಗಳನ್ನು ಈ ಲೆಕ್ಕಕ್ಕೆ ನಾನು ತರುತ್ತಲೇ ಇಲ್ಲ. ಮೂರು ಸಾವಿರಕ್ಕೂ ಹೆಚ್ಚು ಜನ 2001ರಲ್ಲಿ ಹೊರಗೆ ಬಂದಾಗ ಅವರ ಕೈಯಲ್ಲಿದ್ದದ್ದು ಇಂಥ ಬಾಕಿ. ನಿವೃತ್ತಿ ಸೌಲಭ್ಯದ ಲೆಕ್ಕಾಚಾರದ ಬಗ್ಗೆ, ವಾಸವಿದ್ದ ಕ್ವಾರ್ಟರ್ಸು ತಮಗೇ ಸಿಗಬೇಕೆಂಬ ಬಗ್ಗೆ ಮನವಿಗಳು, ಧರಣಿಗಳು, ದಾವೆಗಳು ವರ್ಷಗಟ್ಟಲೆ ನಡೆದವು. ಗಣಿಯ ಆಸ್ತಿಗೆ ಜಾಗತಿಕ ಟೆಂಡರ್ ಕರೆಯುವ ವಿಷಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು 2013 ಬಂತು. ಅಷ್ಟರಲ್ಲಿ ಕಾದವರಲ್ಲಿ ಅನೇಕರು ಇರಲಿಲ್ಲ.

ಕಾನೂನು ಕಾರ್ಮಿಕನನ್ನು ಪೂರ್ತಿ ಮರೆತಿಲ್ಲ, ಅದನ್ನೂ ಹೇಳಬೇಕು. ಕಂಪನಿ ಮುಚ್ಚುವ ಅರ್ಜಿಯಲ್ಲಿ ಕಾರ್ಮಿಕರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟು 1983ರಲ್ಲಿ ಹೇಳಿತು. 1985ರಲ್ಲಿ ಕಂಪನಿ ಕಾಯ್ದೆಗೆ 529ಎ ಕಲಂ ಸೇರಿ, ಮುಚ್ಚಿದ ಕಂಪನಿಯ ಆಸ್ತಿ ಹಂಚುವಾಗ ಕಾರ್ಮಿಕರ ಬಾಕಿ ಅಡಮಾನವಿಟ್ಟುಕೊಂಡ ಬ್ಯಾಂಕಿನ ಜೊತೆ ಸಮಸಾಲಿಗೆ ಬಂತು. 2016ರ ದಿವಾಳಿ ಸಂಹಿತೆ ಆ ಸಮಸಾಲನ್ನು ಉಳಿಸಿಕೊಂಡಿತು, ಆದರೆ ಹಿಂದಿನ 24 ತಿಂಗಳ ಬಾಕಿಗೆ ಮಾತ್ರ ಎಂದು ಕತ್ತರಿ ಹಾಕಿತು. ಮೂವತ್ತು ವರ್ಷದ ದುಡಿಮೆಗೆ ಇಪ್ಪತ್ತನಾಲ್ಕು ತಿಂಗಳ ಕಿಟಕಿ. ಇದು ಸಾಲದು.

ಗಣಿ ಮುಚ್ಚಿದ ಮೇಲೆ ಬಾಕಿ ಕೈಯಿಂದ ಕೈಗೆ ಇಳಿಯಿತು. ಕಂಪನಿ ಕಾರ್ಮಿಕನಿಗೆ, ಕಾರ್ಮಿಕ ದಿನಸಿಯವನಿಗೆ, ದಿನಸಿಯವನು ಬಂಗಾರಪೇಟೆಯ ಮಂಡಿಯವನಿಗೆ, ಚೀಟಿ ಎತ್ತಿದವನು ಚೀಟಿ ನಡೆಸುವವನಿಗೆ. ಮಂಡಿಯವನ ಹತ್ತಿರ ಪುಸ್ತಕವಿತ್ತು, ಆಡಿಟರ್ ಇದ್ದ, 36ನೇ ಕಲಂ ಇತ್ತು. ಅಲ್ಲಿಗೆ ಮುಟ್ಟುವ ಮೊದಲೇ ನಷ್ಟದ ಬಹುಪಾಲನ್ನು ಪುಸ್ತಕವಿಲ್ಲದ ಮನೆಗಳು ಹೀರಿಕೊಂಡಿದ್ದವು. ಆ ಮನೆಗಳು ಹೋದ ಗಿರವಿ ಅಂಗಡಿಯ ಕ್ರಮ ನೋಡಿ: ಒಡವೆಯ ಬೆಲೆಯ ಒಂದು ಭಾಗದಷ್ಟೇ ಸಾಲ, ಕಟ್ಟದಿದ್ದರೆ ಹರಾಜು. ಅಲ್ಲಿ ಸಾಲ ಕೆಡುವುದೇ ಅಪರೂಪ. ವರದಿಯಲ್ಲಿ ಎನ್‌ಪಿಎ ಕಡಿಮೆಯೆಂದು ಹೊಗಳಿಕೆ ಬರುತ್ತದೆ. ಹರಾಜಾದ ತಾಳಿ ಯಾವ ವರದಿಯಲ್ಲೂ ಬರುವುದಿಲ್ಲ. ಆ ಮನೆಗಳ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಳಗಿನ ಜಾವವೇ ಬೆಂಗಳೂರಿಗೆ ಹೊರಟು, ರಾತ್ರಿ ತಿರುಗಿ ಬಂದು ಆ ಬಾಕಿಗಳನ್ನು ತೀರಿಸಿದರು. ಇಂದಿಗೂ ಆ ರೈಲಿನಲ್ಲಿ ನಿಲ್ಲಲು ಜಾಗವಿಲ್ಲ.

ನಮ್ಮ ಜಿಲ್ಲೆಗೆ ಕಿರುಸಾಲ ಬಂದದ್ದು ಆ ನಂತರದ ವರ್ಷಗಳಲ್ಲಿ. ಹತ್ತಾರು ಹೆಂಗಸರ ಗುಂಪು, ವಾರದ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ವಸೂಲಿ ನೂರಕ್ಕೆ ತೊಂಬತ್ತೆಂಟು, ತೊಂಬತ್ತೊಂಬತ್ತು ಎಂದು ಸಂಸ್ಥೆಗಳು ಹೆಮ್ಮೆ ಪಟ್ಟವು. ಒಂದೇ ಮನೆಗೆ ಮೂರು ನಾಲ್ಕು ಸಂಸ್ಥೆಗಳು ಸಾಲ ಕೊಟ್ಟಿದ್ದವು, ಒಂದರ ಕಂತಿಗೆ ಇನ್ನೊಂದರ ಸಾಲ ಹೋಗುತ್ತಿತ್ತು. ದೊಡ್ಡ ಬ್ಯಾಂಕುಗಳು ದೊಡ್ಡ ಕಂಪನಿಗಳಿಗೆ ಮಾಡಿದ್ದನ್ನೇ ಇಲ್ಲಿ ಬಡವರ ಬೀದಿಯಲ್ಲಿ ಮಾಡಲಾಗಿತ್ತು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ರೇಷ್ಮೆ ಕೆಲಸ ಕುಂಠಿತವಾದ ಹೊತ್ತಿನಲ್ಲಿ ಸ್ಥಳೀಯ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳು ಈ ಸಂಸ್ಥೆಗಳ ಸಹವಾಸವೇ ಬೇಡವೆಂದವು. ಗುಂಪು ಗುಂಪೇ ಕಟ್ಟುವುದನ್ನು ನಿಲ್ಲಿಸಿತು. ಒಬ್ಬರಿಗೊಬ್ಬರು ಜಾಮೀನು ಎಂಬ ಕಟ್ಟು ಎಷ್ಟು ಗಟ್ಟಿಯಾಗಿ ಹಿಡಿದಿತ್ತೋ ಅಷ್ಟೇ ಗಟ್ಟಿಯಾಗಿ ಒಟ್ಟಿಗೆ ಮುಳುಗಿಸಿತು.

ಕರ್ನಾಟಕ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕಾನೂನಿನಿಂದ ಬಿಡಿಸಲು ನೋಡಿದೆ. ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೂಲಿಗಳು ಮುಂತಾದವರ ಖಾಸಗಿ ಸಾಲಗಳನ್ನು ರದ್ದುಪಡಿಸಿತು. ಜೀತಕ್ಕೆ ಬಿದ್ದಿದ್ದ ಮನೆಗಳಿಗೆ ಅದು ನಿಜವಾದ ಬಿಡುಗಡೆ. 2025ರ ಫೆಬ್ರುವರಿ 12ರಂದು ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯುವ ಸುಗ್ರೀವಾಜ್ಞೆ ಬಂತು: ನೋಂದಣಿಯಿಲ್ಲದ ಲೇವಾದೇವಿಗಾರರು ದುರ್ಬಲರಿಗೆ ಕೊಟ್ಟ ಸಾಲ ಪೂರ್ತಿ ತೀರಿತೆಂದೇ ಭಾವಿಸಬೇಕು, ಕಿರುಕುಳಕ್ಕೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ. ಮೀಟರ್ ಬಡ್ಡಿಯವನ ಕೈಗೆ ಸಿಕ್ಕಿದ ಮನೆಗಳನ್ನು ಕಂಡವನಾಗಿ ನಾನು ಇದನ್ನು ಸ್ವಾಗತಿಸುತ್ತೇನೆ. ಆದರೆ ಈ ಎಲ್ಲ ಕಾಯ್ದೆಗಳೂ ಬಡವನನ್ನು ಸಾಲ ತೆಗೆದುಕೊಂಡವನಾಗಿ ಮಾತ್ರ ಕಾಣುತ್ತವೆ. ಅವನಿಗೆ ಬರಬೇಕಾದದ್ದನ್ನು ಕೊಡಿಸುವ ಕಾಯ್ದೆಗೆ ಇಷ್ಟೇ ಹಲ್ಲು ಇದ್ದಿದ್ದರೆ ಅವನು ಅಷ್ಟು ಸಾಲ ಮಾಡಬೇಕಾಗಿ ಬರುತ್ತಿತ್ತೆ?

ಕೊನೆಯದಾಗಿ, ಈ ಸಭಾಂಗಣದಿಂದ ಹೊರಗೆ ಬಂದರೆ ಕಾಣುವ ಸೈನೈಡ್ ದಿಬ್ಬಗಳ ವಿಷಯ. ಚಿನ್ನ ತೆಗೆದು ಉಳಿದ ಪುಡಿಮಣ್ಣು, ಸುಮಾರು 3.3 ಕೋಟಿ ಟನ್. ಕಂಪನಿಯ ಪುಸ್ತಕದಲ್ಲಿ ಅದಕ್ಕೆ ಒಂದು ಕಾಲದಲ್ಲಿ ಬೆಲೆಯೇ ಇರಲಿಲ್ಲ. ಗಾಳಿ ಬೀಸಿದಾಗ ಆ ಧೂಳು ಬಂದು ಬೀಳುತ್ತಿದ್ದದ್ದು ಕಾರ್ಮಿಕರ ಸಾಲುಮನೆಗಳ ಮೇಲೆ. ಚಿನ್ನದ ಬೆಲೆ ಏರಿದ ಮೇಲೆ ಅದೇ ಮಣ್ಣಿನಲ್ಲಿ ಉಳಿದ ಸ್ವಲ್ಪ ಚಿನ್ನಕ್ಕೂ ಬೆಲೆ ಬಂತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ ಮರುಗಣಿಗಾರಿಕೆಯ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ರೈಟ್ ಆಫ್ ಆದ ಸಾಲ ತಿರುಗಿ ಬಂದರೆ ಬಂದ ವರ್ಷದ ಆದಾಯಕ್ಕೆ ಬರೆಯಬೇಕೆಂದು ಹೇಳಿದೆನಲ್ಲ, ಇದೂ ಹಾಗೆಯೇ ತಿರುಗಿ ಬಂದ ಹಣ. ಇದರಲ್ಲಿ ಹಳೆಯ ಬಾಕಿ ಬರಬೇಕಾಗಿದ್ದವರ ಪಾಲು ಎಷ್ಟು ಎಂದು ಕೇಳಲು ಈ ಊರಿಗೆ ಹಕ್ಕಿದೆ. ಆದರೆ ಕೇಳುವವರ ಕೈಯಲ್ಲಿ ಲೆಕ್ಕ ಇರಬೇಕು.

ಆದ್ದರಿಂದ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಪ್ರತಿ ವರ್ಷ ನೀವು ಪ್ರಾಜೆಕ್ಟ್ ವರದಿ ಬರೆಯುತ್ತೀರಿ. ಈ ವರ್ಷ ಒಂದೊಂದು ಬಡಾವಣೆಯನ್ನು ಹಂಚಿಕೊಂಡು ಮನೆ ಮನೆಗೆ ಹೋಗಿ. ಟ್ರಂಕಿನಲ್ಲಿ ಇಟ್ಟಿರುವ ಸರ್ವೀಸ್ ಸರ್ಟಿಫಿಕೇಟು, ಕೊನೆಯ ತಿಂಗಳ ಸಂಬಳದ ಚೀಟಿ, ಪಿಎಫ್ ಸ್ಲಿಪ್ಪು, ಗ್ರಾಚ್ಯುಟಿಯ ಆದೇಶ, ಕ್ವಾರ್ಟರ್ಸಿನ ಹಂಚಿಕೆ ಪತ್ರ, ಗಣಿ ಆಸ್ಪತ್ರೆಯ ಎಕ್ಸ್‌ರೇ ಚೀಟಿ, ಇವುಗಳ ಫೋಟೊ ತೆಗೆದುಕೊಳ್ಳಿ. ಅಜ್ಜ ಇಲ್ಲದಿದ್ದರೆ ಅಜ್ಜಿಯನ್ನು ಕೇಳಿ. ಕಾಗದ ಎಲ್ಲಿದೆಯೆಂದು ಗೊತ್ತಿರುವುದು ಸಾಮಾನ್ಯವಾಗಿ ಅವರಿಗೇ. ಬಂದದ್ದೆಷ್ಟು, ಬರಬೇಕಾದದ್ದೆಷ್ಟು ಎಂದು ಎರಡು ಕಾಲಂ ಹಾಕಿ ತುಂಬಿ. ಪ್ರತಿಯೊಂದು ಹಾಳೆಯ ಕೆಳಗೆ ಆ ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಇರಲಿ. ದಿಬ್ಬಗಳ ಟೆಂಡರ್ ಷರತ್ತುಗಳು ಅಂತಿಮವಾಗುವ ಮೊದಲು ಆ ಪುಸ್ತಕದ ಒಂದು ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಇನ್ನೊಂದು ಈ ಕಾಲೇಜಿನ ಗ್ರಂಥಾಲಯದಲ್ಲಿ ಇರಬೇಕು. ಬೈಂಡಿಂಗ್ ಖರ್ಚನ್ನು ಈ ದತ್ತಿಯ ಬಡ್ಡಿಯಿಂದ ಕೊಡಬಹುದೆ ಎಂದು ದತ್ತಿ ಇಟ್ಟ ಕುಟುಂಬದವರನ್ನು ನಾನು ಇಲ್ಲಿಯೇ ಕೇಳುತ್ತಿದ್ದೇನೆ.